ಅಂಗೈಯಲ್ಲಿ ತಿಳಿಯಾದ ಕಣ್ಣು

ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೂ ಆಡಿನ ಕಣ್ಣು ಬೇಕಾದಾಗ ಕಲಬುರಗಿಯಲ್ಲಿ ಕಣ್ಣಿನ ಸಂಶೋಧನೆ ಮಾಡುವ ಪ್ರಯೋಗಾಲಯದ ಸಾಹೇಬರು ಫೋನು ಹಚ್ಚುವುದು ನನಗೇ. ಆಳಂದ, ಅಫಜಲಪುರ, ಜೇವರ್ಗಿಯ ಮಾಂಸದಂಗಡಿಗಳಲ್ಲಿ ಆರಿಸಿ, ಬರ್ಫಿನ ಡಬ್ಬಿಯಲ್ಲಿಟ್ಟು ಮುಟ್ಟಿಸುತ್ತೇನೆ. ಒಂದು ಸಲವೂ ಮಾಲು ಕೆಡಿಸಿಲ್ಲ. ಕಣ್ಣುಗಳನ್ನು ನೋಟ ಕೆಳಗೆ ಮಾಡಿ ಜೋಡಿಸುವುದು ನನ್ನ ಪದ್ಧತಿ. ಇಲ್ಲದಿದ್ದರೆ ಮುಚ್ಚಳ ತೆಗೆದಾಗೆಲ್ಲ ಅವು ನೋಡುತ್ತವೆ.

ಆ ಸಲ ಮೊದಲ ಬಾರಿಗೆ ಎಳೆಯ ಮರಿಗಳ ಕಣ್ಣು ಕೇಳಿದ್ದರು. ಆಳಂದದಲ್ಲಿ ಡಬ್ಬಿ ತುಂಬಿಸಿಕೊಂಡು ಊಟಕ್ಕೆಂದು ನಮ್ಮೂರು ಮಟಕಿಗೆ, ಮನೆಗೆ ಬಂದೆ. ಬರ್ಫು ನೋಡೋಣವೆಂದು ಮುಚ್ಚಳ ತೆಗೆದು, ಒಂದನ್ನು ತಿರುವಿದೆ. ಕಣ್ಣಮಣಿ ಹಾಲಿನಂತೆ ಬೆಳ್ಳಗಾಗಿತ್ತು. ಇನ್ನೊಂದೂ ಹಾಗೇ. ಎಲ್ಲವೂ.

ಪಕ್ಕದಲ್ಲೇ ಅವ್ವ ಕೂತಿದ್ದಳು. ಅವಳ ಎರಡೂ ಕಣ್ಣಿಗೆ ಅದೇ ಬಣ್ಣದ ಪೊರೆ. ಇನ್ನೂ ತಡ ಮಾಡಿದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರೂ ಆಪರೇಶನ್ನಿಗೆ ಒಲ್ಲೆ ಅನ್ನುತ್ತಿದ್ದಳು.

"ಯಾಕೋ, ಸುಮ್ಮನಾದಿ?"

"ಕಣ್ಣು ಬೆಳ್ಳಗಾಗ್ಯಾವವ್ವ."

"ನನ್ನ ಪೊರಿ ಅವಕ್ಕೂ ಅಂಟ್ಯಾದ ಬಿಡು," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಒಂದು ಕಣ್ಣನ್ನು ಅಂಗೈಯಲ್ಲಿ ಹಿಡಿದು ಕೂತೆ. ಕೈಯ ಕಾವಿಗೆ ಬಿಳಿ ಅಂಚಿನಿಂದ ಮೆಲ್ಲಗೆ ಕರಗತೊಡಗಿತು. ತಿಳಿಯಾಯಿತು. ಆಮೇಲೆ ಅದು ನೇರ ನನ್ನನ್ನೇ ನೋಡಿತು.

ಕೈ ತೊಳೆದು, ಉಜ್ಜಿ ಬೆಚ್ಚಗೆ ಮಾಡಿ, ಅವ್ವನ ಕಣ್ಣ ಮೇಲಿಟ್ಟೆ.

"ಏನರ ಕಾಣ್ತದೇನವ್ವ?"

"ನಿನ್ನ ಕೈ ಆಡಿನಂಗ ನಾರಾಕತ್ತದ, ತೆಗಿಯಲೇ!"

ಆದರೂ ದಿನಾ ಮುಂಜಾನೆ ಕೈ ಇಟ್ಟೆ. ಬರಬರುತ್ತ ಅವಳೇ ಮುಖ ಎತ್ತಿ ಕಾಯತೊಡಗಿದಳು. ಆಪರೇಶನ್ ಮಾತು ತೆಗೆದವರಿಗೆ, "ಮಗ ಕೈ ಇಡಾಕತ್ತಾನ, ಡಾಕ್ಟರ್ ಯಾಕ ಬೇಕ್ರಿ?" ಅನ್ನುತ್ತಿದ್ದಳು. ಆಗ ನನಗೆ ಹೆದರಿಕೆ ಹುಟ್ಟಿತು.

ಕೈಯ ಕಾವಿಗೆ ಅವ್ವನ ಪೊರೆಯೂ ಕರಗೀತೇ ಎಂದು ಸಾಹೇಬರನ್ನು ಕೇಳಿದೆ. ಅವರು ನನ್ನನ್ನು ಕತ್ತಲೆ ಖೋಲಿಗೆ ಕರೆದೊಯ್ದರು. ಪರದೆಯ ಮೇಲೆ ಎರಡು ಹಸಿರು ಬಿಲ್ಲೆ ಹೊಳೆಯುತ್ತಿದ್ದವು.

"ಇದು ಆಂಟಿಬಾಡಿ, ಮೊಲದ ರಕ್ತದಾಗ ತಯಾರಾಗ್ತದ. ಕಣ್ಣಮಣಿಯ, ಅಂದ್ರ ಲೆನ್ಸಿನ, ಪ್ರೋಟೀನು ಎಲ್ಲದನೋ ಹುಡುಕಿ, ಅದರ ಮ್ಯಾಲೆ ಕೂಡ್ತದ. ಅದಕ್ಕ ಬಣ್ಣ ಹಚ್ಚೀವಿ, ಕೂತಲ್ಲಿ ಹೊಳೀತದ. ಇದು ನೀ ತಂದ ಮರೀದು. ಇದು ಯಾರೋ ಮುದುಕೀದು, ಆಪರೇಶನ್ನಿನಾಗ ತೆಗದದ್ದು."

ಆ ಮುದುಕಿ ಎಲ್ಲೋ ರೊಟ್ಟಿ ಬಡಿಯುತ್ತ ಕೂತಿರಬಹುದು. ಅವಳ ಕಣ್ಣಮಣಿ ಇಲ್ಲಿ, ಕತ್ತಲೆಯಲ್ಲಿ, ಎಚ್ಚರವಾಗಿತ್ತು.

"ಮರೀ ಪ್ರೋಟೀನು ಥಂಡಿಗೆ ಗಂಟು ಕಟ್ಟಿ ಬೆಳ್ಳಗಾಗ್ತದ, ಕಾವಿಗೆ ಬಿಚ್ತದ. ಮುದುಕರದು ಬಿಚ್ಚೂದಿಲ್ಲಪ್ಪ. ತೆಗೀಬೇಕು."

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಮರುದಿನ ಮುಂಜಾನೆ ಅವಳು ಮುಖ ಎತ್ತಿ ಕಾದಳು. ನಾನು ಕೈ ಇಡಲಿಲ್ಲ.

"ನಡಿ ಹಂಗಾರ ದವಾಖಾನಿಗೆ," ಎಂದಳು ಕೊನೆಗೆ. "ಆದ್ರ ತೆಗದದ್ದನ್ನ ಆ ಕತ್ತಲಿ ಖೋಲಿಗೆ ಒಯ್ಯಬ್ಯಾಡ್ರಿ ಅಂತ ಹೇಳು."

ಹೇಳಿದೆ. ಡಾಕ್ಟರು ಆಗಲಿ ಅಂದರು; ಆಪರೇಶನ್ ಆಯಿತು.

ಈಗ ಅವ್ವ ಸೂಜಿಗೆ ತಾನೇ ದಾರ ಪೋಣಿಸುತ್ತಾಳೆ. ನಾನು ಮಾತ್ರ ಆ ಖೋಲಿಗೆ ಹೋದರೆ, ಪರದೆಯ ಮೇಲೆ ಹಸಿರು ಮೂಡುವ ಮೊದಲೇ, ಯಾರ ಕಣ್ಣೆಂದು ಕೇಳಿಕೊಳ್ಳುತ್ತೇನೆ.