ನನ್ನ ಕೆನ್ನೆಗೆ ಆಯುಧ ಪೂಜೆ

ನನ್ನ ಬಾಯಿಂದ ಜಗತ್ತಿಗೆ ಏನಾದರೂ ಉಪಯೋಗವಿದೆಯೆಂದು ನಂಬಿದವಳು ಒಬ್ಬಳೇ: ಕಾಲೇಜಿನಲ್ಲಿ ಜೊತೆಗೆ ಚಿತ್ರಕಲೆ ಓದಿದ ಗೆಳತಿ. ಕೋಣನಕುಂಟೆಯಲ್ಲಿ ಮಹಡಿ ರೂಮು ಹಿಡಿದು, ಬಣ್ಣದ ಬದಲು ಜೀವಕೋಶಗಳಿಂದ ಕಲಾಕೃತಿ ಬೆಳೆಸುತ್ತಿದ್ದಳು. ಮಿಮಿಕ್ರಿ ಮಾಡುವ ನನ್ನ ಕೆನ್ನೆಯೇ ಬೇಕೆಂದಳು. ಡಾಕ್ಟರೊಬ್ಬರು ನನ್ನ ಕೆನ್ನೆಯ ಒಳಗಿಂದ ಅಕ್ಕಿಕಾಳಿನಷ್ಟು ಚೂರು ತೆಗೆದುಕೊಟ್ಟರು. ಅದು ಅವಳ ಬೆಚ್ಚನೆಯ ಪೆಟ್ಟಿಗೆಯಲ್ಲಿ, ಗಾಜಿನ ತಟ್ಟೆಯೊಳಗೆ, ತುಟಿಯಾಕಾರದ ಅಚ್ಚಿನ ಮೇಲೆ ಬೆಳೆಯತೊಡಗಿತು. ಅವಳ ಮೊದಲ ಪ್ರದರ್ಶನಕ್ಕೆ ಅದೊಂದೇ ಕೃತಿ. ನಾನಂತೂ ಜಯನಗರದ ದರ್ಶಿನಿಯಲ್ಲಿ ಸಿಕ್ಕವರಿಗೆಲ್ಲ ನನಗೆ ಎರಡನೇ ಬಾಯಿ ಬರುತ್ತಿದೆ ಎಂದು ಸಾರಿದೆ. ಇರೋದೇ ಸಾಕಾಗಿದೆ ಎಂದರು.

ಆಯುಧ ಪೂಜೆಗೆ ಅವಳು ಊರಿಗೆ ಹೊರಟಳು. ಪೆಟ್ಟಿಗೆಯ ಶಾಖ ನೋಡಿಕೋ, ಬಾಗಿಲು ಮಾತ್ರ ತೆಗೆಯಬೇಡ ಎಂದು ಕೀ ಕೊಟ್ಟಳು. ಕೆಳಗಿನ ಮನೆ ಓನರ್ ಅಂಕಲ್, ಒಂದು ಕಾಲಕ್ಕೆ ಅದೇ ಜಾಗದಲ್ಲಿ ರಾಗಿ ಬೆಳೆದವರು, ಹಬ್ಬದ ದಿನ ಸ್ಕೂಟರು, ನೀರಿನ ಮೋಟರು, ಮಿಕ್ಸಿಗೆಲ್ಲ ಕುಂಕುಮ ಇಟ್ಟು, ಪೂಜೆ ತಟ್ಟೆ ಹಿಡಿದು ಮೇಲೆ ಬಂದರು.

"ವರ್ಷವೆಲ್ಲ ದುಡಿಯೋ ಮಿಷನ್ನು. ಬರೀ ಹಣೇಲಿ ಬಿಡಬಾರ್ದು ಕಣಪ್ಪ."

ಹೊರಗೊಂದು ಬೊಟ್ಟಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಒಳಗೆ ದುಡಿಯುತ್ತಿರುವುದು ನನ್ನ ಕೆನ್ನೆ ತಾನೆ? ಪೆಟ್ಟಿಗೆಯ ಬಾಗಿಲು ತೆಗೆದೆ, ಗಾಜಿನ ಮುಚ್ಚಳವನ್ನೂ ತೆಗೆದೆ. ಪಕ್ಕದಲ್ಲಿ ಚೆಂಡುಹೂ ಇಟ್ಟು, ನಮ್ಮ ಬೀದಿಯ ಪುರೋಹಿತರ ದನಿಯಲ್ಲಿ, ಎಂಜಲು ಹಾರುವಂತೆ ಮಂತ್ರ ಹೇಳಿದೆ. ಅಂಕಲ್ ಕೈಮುಗಿದರು.

ಮೂರನೇ ದಿನ ನೋಡಿದರೆ ನನ್ನ ತುಟಿಗೆ ಮೀಸೆ ಬಂದಿತ್ತು. ಕೆಟ್ಟ ಉಪ್ಪಿನಕಾಯಿಯ ಮೇಲೆ ಬರುವಂಥ ಬೂಸ್ಟು. ಅವಳು ಪ್ರತಿ ಸಲವೂ ಮಾಸ್ಕು ಗ್ಲೌಸು ಹಾಕಿಕೊಂಡು, ಉಸಿರು ಬಿಗಿಹಿಡಿದು ಅದಕ್ಕೆ ಆಹಾರದ ದ್ರವ ಬದಲಿಸುತ್ತಿದ್ದುದು ನೆನಪಾಯಿತು.

ತಪ್ಪು ಒಪ್ಪಿಕೊಳ್ಳುವ ಬದಲು ನನಗೆ ಬರುವ ಏಕೈಕ ವಿದ್ಯೆ ಬಳಸಿದೆ. ಅವಳಿಗೆ ಫೋನು ಮಾಡಿ, ಅಂಕಲ್ ದನಿಯಲ್ಲಿ ಕೆಮ್ಮಿ, ಕರೆಂಟು ಹೋಗಿ ನಿನ್ನ ಪೆಟ್ಟಿಗೆಯೊಳಗಿನದು ಕೆಟ್ಟಿದೆಯಮ್ಮ ಎಂದೆ. ಕೆಮ್ಮು ಸಖತ್ತಾಗಿ ಬಂತು.

ಅವಳು ಕೆಮ್ಮನ್ನು ಪೂರ್ತಿ ಕೇಳಿಸಿಕೊಂಡಳು.

"ಮಗಾ, ಅಂಕಲ್ ಯಾಕೆ ನಿನ್ನ ನಂಬರಿಂದ ಮಾತಾಡ್ತಿದ್ದಾರೆ?"

ನನ್ನ ಸ್ವಂತ ದನಿ ಯಾವುದೆಂದು ಹುಡುಕಿಕೊಳ್ಳಲು ಸಮಯ ಹಿಡಿಯಿತು. ಸಿಕ್ಕಿದ್ದು ತೀರಾ ತೆಳ್ಳಗಿತ್ತು. ಎಲ್ಲ ಹೇಳಿದೆ, ಮಂತ್ರದ ಸಮೇತ. ಅವಳು ಬೈಯಲಿಲ್ಲ, ಅದೇ ಕಷ್ಟವಾಯಿತು. ಪ್ರದರ್ಶನಕ್ಕೆ ಉಳಿದ ದಿನಗಳನ್ನು ಎಣಿಸಿ, ಇಡೀ ತುಟಿ ಆಗುವುದಿಲ್ಲ, ಒಂದು ಮೂಲೆ ಆಗಬಹುದು ಎಂದಳು.

"ಸೋಮವಾರ ಡಾಕ್ಟರ್ ಹತ್ರ ಬಾ. ಇನ್ನೊಂದು ಕೆನ್ನೆ ಬೇಕು."

ಹೋದೆ. ಈ ಸಲ ಹೊಲಿಗೆ ಬಿತ್ತು, ಎರಡು ದಿನ ಮಾತಾಡಲಾಗಲಿಲ್ಲ. ದರ್ಶಿನಿಯಲ್ಲಿ ಎಲ್ಲರೂ ಅವಳ ಕಲೆಯನ್ನು ಮೊದಲ ಬಾರಿಗೆ ಮನಸಾರೆ ಹೊಗಳಿದರು.