ಮಾಶಾಬಿ ತುಂಬಿಸಿದ ಚೀಟಿ

ಕಮರಿಪೇಟೆಯ ಮಾಶಾಬಿ ಮೂವತ್ತು ವರ್ಷದಿಂದ ಹೆಂಗಸರ ಜಂಪರು ಹೊಲಿಯುತ್ತಾಳೆ. ಅವಳ ಅಳತೆ ಪುಸ್ತಕವನ್ನು ಗಂಡ ಕಾಸಿಮಸಾಬನೂ ಮುಟ್ಟುವಂತಿಲ್ಲ. ಯಾರ ಮೈ ಇಳಿಯಿತು, ಯಾರು ಬಸುರಾದರು, ಎಲ್ಲ ಆ ಪುಸ್ತಕಕ್ಕೆ ಗೊತ್ತು, ಓಣಿಗೆ ಗೊತ್ತಾಗಬಾರದು.

ಇಂಥ ಗಟ್ಟಿಗಿತ್ತಿ ಜಾರಿದ್ದು ಒಂದು ಕೂಪನ್ ಕಟ್ಟಿನಿಂದ. ಗೋಕುಲ ರಸ್ತೆಯ ಹೊಸ ಬಟ್ಟೆ ಅಂಗಡಿಯವರು ಲಕ್ಕಿ ಡ್ರಾ, ಗಿರಾಕಿಗಳಿಂದ ತುಂಬಿಸಿರಿ ಎಂದು ತಂದುಕೊಟ್ಟಿದ್ದರು. ಹೆಸರು, ಮೊಬೈಲ್ ನಂಬರು, ಮನೆಯಲ್ಲಿ ಮುಂದೆ ಯಾವ ಕಾರ್ಯ, ಯಾವ ತಾರೀಖು. ಇಷ್ಟು ಬರೆದರೆ ಮಿಕ್ಸರ್ ಬಂದರೂ ಬರಬಹುದು. ಐದು ತಿಂಗಳ ಬಸುರಿ ಭಾಗ್ಯಶ್ರೀ, ಏಳರಲ್ಲಿ ಮಾಡುವ ಕುಬಸದ ಕಾರ್ಯಕ್ಕೆ ಹಸಿರು ಜಂಪರು ಹೊಲಿಸಲು ಬಂದಿದ್ದಳು.

"ಇದೆಲ್ಲಾ ಅವರಿಗೆ ಯಾಕ ಬೇಕ್ರಿ ಅಕ್ಕಾರ?"

"ಬರಿಯವ್ವಾ, ನಿನ್ನ ಗಂಟೇನ ಹೋಗತೈತಿ?" ಎಂದು ಮಾಶಾಬಿಯೇ ಪೆನ್ನು ಕೊಟ್ಟಳು.

ಆರನೇ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ತೀರಿತು. ಕುಬಸ ನಿಂತಿತು, ಫೋನು ನಿಲ್ಲಲಿಲ್ಲ. ತೊಟ್ಟಿಲು ಬೇಕೇ, ಕೂಸಿಗೆ ವಿಮೆ ಬೇಕೇ, ದಿನಕ್ಕೆ ನಾಲ್ಕು ಕಡೆಯಿಂದ. ಕುಬಸದ ತಾರೀಖು ಹಿಡಿದು ಹೆರಿಗೆಯ ಲೆಕ್ಕವನ್ನೂ ಹಾಕಿಕೊಂಡಿದ್ದರು ಪುಣ್ಯಾತ್ಮರು. ಒಂದು ನಂಬರು ತಡೆದರೆ ಇನ್ನೊಂದು, ಹೀಗೆ ನಾಲ್ಕು ತಿಂಗಳು.

ಈ ಫೋನುಗಳ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮಾಶಾಬಿ ಕುದಿಯುತ್ತ ಅಂಗಡಿಗೆ ಹೋದಳು. ಮ್ಯಾನೇಜರ್ ಶಿವಯೋಗೀಶ ಕುರ್ಚಿ ಕೊಟ್ಟ. ಅವಳು ಕೂಡಲಿಲ್ಲ.

"ಭಾಗ್ಯಶ್ರೀದು ಚೀಟಿ ಹರದ ಒಗೀರಿ."

"ಚೀಟಿ ಎಲ್ಲೈತ್ರಿ ಅಕ್ಕಾರ? ಕಂಪ್ಯೂಟರಿಗೆ ಹೋತು, ಅಲ್ಲಿಂದ ಬ್ಯಾರೆ ಕಂಪನಿಗೆ ಕೊಟ್ಟಾರ. ಕೆಳಗ ಸಣ್ಣ ಅಕ್ಷರದಾಗ ಒಪ್ಪಿಗಿ ಇತ್ತಲ್ರಿ."

"ಅಕಿ ಕೂಸು ಹೋಗೇತ್ರೀ!"

ಅವನು ತಲೆ ತಗ್ಗಿಸಿದ. "ಆ ನಂಬರು ಯಾರ್ಯಾರ ಕಡೆ ಹೋಗೇತಿ, ನನಗೂ ಗೊತ್ತಿಲ್ರಿ."

ಯಾರನ್ನು ಬೈಯಬೇಕು? ಬೈಯಲಿಕ್ಕೂ ಒಂದು ಮುಖ ಬೇಕಲ್ಲ! ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು. ಆ ಬೇಲಿ ತಾನೇ ಎಂದು ಮಾಶಾಬಿಗೆ ಹೊಳೆಯಿತು. ಅಲ್ಲಿಂದ ಸೀದಾ ಭಾಗ್ಯಶ್ರೀಯ ಮನೆಗೆ ಬಂದಳು.

"ನಂದ ತಪ್ಪಾತವ್ವಾ" ಎನ್ನುವಷ್ಟರಲ್ಲಿ ಫೋನು ಬಡಿದುಕೊಂಡಿತು. ಮಾಶಾಬಿ ಕಸಿದುಕೊಂಡಳು.

"ಅಭಿನಂದನೆಗಳು! ನಿಮ್ಮ ಕಂದನಿಗೆ ಇಂದು ಒಂದು ತಿಂಗಳು," ಎಂದಿತು ಹೆಣ್ಣು ದನಿ.

"ಆ ಕೂಸು ಇಲ್ಲವ್ವಾ. ಕೈ ಮುಗೀತೇನಿ, ಇನ್ನೊಮ್ಮೆ ಫೋನ್ ಹಚ್ಚಬ್ಯಾಡ."

ದನಿ ನಿಲ್ಲಲಿಲ್ಲ. ನಗುನಗುತ್ತ ಡೈಪರಿನ ರಿಯಾಯಿತಿ ಹೇಳುತ್ತಲೇ ಹೋಯಿತು. ಮಾಶಾಬಿ ಮತ್ತೆ ಬೇಡಿಕೊಂಡಳು, ಆಮೇಲೆ ಚೀರಿದಳು.

ಭಾಗ್ಯಶ್ರೀ ಮೆಲ್ಲಗೆ ಫೋನು ತೆಗೆದುಕೊಂಡು ಬಂದ್ ಮಾಡಿದಳು.

"ಅದು ಮನಶ್ಯಾ ಅಲ್ರಿ ಅಕ್ಕಾರ, ರೆಕಾರ್ಡು. ಮೊದಲನೇ ದಿನ ನಾನೂ ಹಿಂಗ ಬೇಡಕೊಂಡಿದ್ದೆ."