ಮಾನವಿಯ ಗಿರಣಿಯಲ್ಲಿ ಮೇಲಿನ ಹಲಗೆ

೧೯೮೬ನೆಯ ಇಸವಿ, ನನಗೆ ಆಗ ನಲವತ್ತಮೂರು. ಶಾಲೆಯಲ್ಲಿ ಸಂಧಿ-ಸಮಾಸ ಕಲಿಸುವುದನ್ನು ಬಿಟ್ಟುಬಂದು, ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದೆ ಒಂದು ಶೆಡ್ಡಿನಲ್ಲಿ ಎಪಾಕ್ಸಿ ರಾಳದ ಹಲಗೆಗಳನ್ನು ಎರಕ ಹೊಯ್ಯುತ್ತಿದ್ದೆ. ರಾಳ ತುಟ್ಟಿ. ಅಕ್ಕಿ ಗಿರಣಿಗಳು ಹೊರಗೆ ಸುರಿಯುವ ಹೊಟ್ಟಿನ ಬೂದಿಯನ್ನು ಜರಡಿ ಹಿಡಿದು ಅದಕ್ಕೆ ಬೆರೆಸಿದರೆ ಖರ್ಚು ಇಳಿಯುತ್ತಿತ್ತು. ಹಲಗೆಯೂ ಸವೆತವನ್ನು ತಾಳುತ್ತಿತ್ತು.

ಮಾವನವರದು ಮಾನವಿಯಲ್ಲಿ ಅಕ್ಕಿ ಗಿರಣಿ. ಭತ್ತ ಮೇಲಿನಿಂದ ಜಾರಿ ಇಳಿಯುವ ಇಳಿಜಾರು ಕಾಲುವೆಗೆ ದೋಣಿ ಎನ್ನುತ್ತಿದ್ದರು; ಅದರ ತಗಡು ಒಂದು ಹಂಗಾಮೂ ಬಾಳುತ್ತಿರಲಿಲ್ಲ. ಭತ್ತದ ಸಿಪ್ಪೆ ಅದನ್ನು ಅರದಂತೆ ತಿಂದು ತೂತು ಮಾಡುತ್ತಿತ್ತು. ಒಳಗೆ ನನ್ನ ಹಲಗೆಗಳನ್ನು ಹೊದಿಸಿರೆಂದು ಕೇಳಿದೆ. ಅವರು ಒಪ್ಪಿದ್ದರೆ ಆ ಗಿರಣಿಯ ಕೆಲಸವಷ್ಟೇ ಅಲ್ಲ, ಕಲ್ಲೂರಿನ ಅವರ ಬೀಗರ ಗಿರಣಿಯ ಕೆಲಸವೂ ನನ್ನದಾಗುತ್ತಿತ್ತು.

ಅಷ್ಟರಲ್ಲಿ ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ, ನಡುವೆ ಬಂದ. ದೇವದುರ್ಗದಲ್ಲಿ ಪಂಪ್‌ಸೆಟ್ ಮಾರುವವನು, ಮಾವನವರನ್ನು ನಗಿಸಬಲ್ಲವನು. ನನ್ನ ಶೆಡ್ಡಿನಲ್ಲಿ ಕುಳಿತು ಚಹಾ ಕುಡಿದು ಎಲ್ಲವನ್ನೂ ನೋಡಿಕೊಂಡು ಹೋದವನು, ಹೊಸ ವಿದ್ಯುತ್ ಸ್ಥಾವರದ ಹಾರುಬೂದಿಯನ್ನು ಚೀಲದಲ್ಲಿ ತಂದು, ಅದೇ ರಾಳಕ್ಕೆ ಬೆರೆಸಿ, ತಾನೂ ಒಂದು ಹಲಗೆ ಮಾಡಿದ. ಎಮ್ಮೆಯ ತೊಗಲಿನ ಬಣ್ಣ, ಅಂಚು ಸೊಟ್ಟ. ಮಾವನವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಸವರಿದರು. ನನ್ನದನ್ನು ನೆಲದ ಮೇಲಿದ್ದಂತೆಯೇ ನೋಡಿದ್ದರು. ಆ ಸವರಿದ ಕೈಯನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

“ಎರಡೂ ಹಾಕ್ರಿ. ಯಾವದು ಜಲ್ದಿ ಸವೀತದ ನೋಡೂಣು” ಎಂದರು.

ದೋಣಿಯಲ್ಲಿದ್ದವು ಎರಡೇ ಜಾಗ, ಒಂದು ಮೇಲೆ, ಒಂದು ಕೆಳಗೆ. ಆ ಮನೆಯ ಪಂಕ್ತಿಯಲ್ಲಿ ಮೊದಲ ಎಲೆ ಹಿರಿಯ ಅಳಿಯನಾದ ನನ್ನದು. ನನ್ನ ಹಲಗೆ ಮೇಲಿರಬೇಕೆಂದು ಹಟ ಹಿಡಿದೆ.

“ಇರ್ಲಿ ಬಿಡ್ರಿ ಅಣ್ಣಾರ, ಇಲ್ಲೂ ಮೊದಲನೇ ಎಲಿ ನಿಮ್ದ” ಎಂದ ಷಡ್ಡಕ. ಹಮಾಲರು ನಕ್ಕರು.

ಭಾನುವಾರಗಳಂದು ಬಸ್ಸಿನಲ್ಲಿ ಹೋಗಿ, ಹಲಗೆಗಳನ್ನು ಬಿಚ್ಚಿಸಿ, ಧೂಳು ಒರೆಸಿ, ವರ್ನಿಯರ್ ಮಾಪಕದಿಂದ ದಪ್ಪವನ್ನು ಅಳೆಯುತ್ತಿದ್ದೆ. ನನ್ನದರ ನಡುವೆ ಬೊಗಸೆಯಂಥ ಕುಳಿ ಬೀಳುತ್ತಿತ್ತು. ಅವನದು ಬರೀ ನುಣ್ಣಗಾಗುತ್ತಿತ್ತು. ಕಾರಣ ತಿಳಿಯಲು ತಡವಾಗಲಿಲ್ಲ. ಎತ್ತರದಿಂದ ಬೀಳುವ ಭತ್ತ ಮೊದಲು ಮೇಲಿನ ಹಲಗೆಗೆ ಅಪ್ಪಳಿಸಿ, ಅನಂತರ ಕೆಳಗಿನದರ ಮೇಲೆ ಜಾರುತ್ತಿತ್ತು. ನಾನು ಬೇಡಿ ಪಡೆದ ಗೌರವದ ಜಾಗದಲ್ಲಿ ಪೆಟ್ಟೆಲ್ಲ ನನಗೆ. ಅವನಿಗೆ ಬರೀ ತಿಕ್ಕಾಟ. ಅದನ್ನು ಹೇಳಬೇಕಾದರೆ ಆ ಜಾಗವನ್ನು ಅವನಿಗೆ ಬಿಟ್ಟುಕೊಡಬೇಕಿತ್ತು.

“ಕೆಳಗ ಹಾಕ್ಸ್ರಿ ಅಂತ ನಮ್ಮಪ್ಪಗ ಹೇಳ್ರಿ” ಎಂದಳು ಹೆಂಡತಿ. “ಹಲಗಿಗೇನು ಮರ್ಯಾದಿ ಹೋಗ್ತದ?”

“ಹಲಗಿಗಲ್ಲ” ಎಂದೆ.

ಸಂಕ್ರಾಂತಿ ಕಳೆದ ಮೇಲೆ ಬಾಯಿಬಿಟ್ಟು, ಜಾಗ ಅದಲುಬದಲು ಮಾಡಿಸಿರೆಂದೆ. ಮಾವನವರು ಇಬ್ಬರಿಂದಲೂ ಹೊಸ ಹಲಗೆ ತರಿಸಿದರು. ಷಡ್ಡಕ ತಾನೇ ಬೋಲ್ಟು ಬಿಗಿಯುವ ಪಾನಾ ಹಿಡಿದು ದೋಣಿ ಹತ್ತಿದ. “ಅಣ್ಣಾರ, ಒಂದೀಟು ಸರೀರಿ, ನಾ ಮ್ಯಾಲ ಬರ್ತೀನಿ.”

ಅವನ ಹಲಗೆ ತೂತು ಬೀಳಲೆಂದು ನಾನು ಬಯಸಿದಷ್ಟು ತೀವ್ರವಾಗಿ ನನ್ನ ಮಕ್ಕಳ ಪರೀಕ್ಷೆಯ ಫಲಿತಾಂಶವನ್ನೂ ಬಯಸಿರಲಿಲ್ಲ. ಅದಕ್ಕೂ ಕುಳಿ ಬಿತ್ತು. ಆದರೆ ಮೊದಲ ಸಲದಷ್ಟೇ ಭತ್ತ ಇಳಿದ ಮೇಲೂ ಆ ಕುಳಿ ನನ್ನ ಹಳೆಯ ಹಲಗೆಯದಕ್ಕಿಂತ ಆಳವಿರಲಿಲ್ಲ, ಅರ್ಧದಷ್ಟೂ ಇರಲಿಲ್ಲ. ಎರಡು ಸಲ ಅಳೆದೆ. ಮಾವನವರು ಎರಡೂ ಕುಳಿಗಳಲ್ಲಿ ಬೆರಳಾಡಿಸಿದರು.

“ಕಲ್ಲೂರಿಂದೂ ಸೇರಿಸಿ ಸಣ್ಣ ಅಳಿಯಾರ ಕೈಲೆ ಮಾಡಸ್ತೀನ್ರಿ. ದೋಣಿ ಅಳತಿ ಅವರಿಗೆ ನೀವ ತಗದು ಕೊಡ್ರಿ, ಅದು ನಿಮಗ ಛಲೋ ಬರ್ತದ.”

ಷಡ್ಡಕ ಟೇಪಿನ ಒಂದು ತುದಿ ಹಿಡಿದ. ಇನ್ನೊಂದನ್ನು ನಾನು ಹಿಡಿದೆ. ಅಂದು ೧೯೮೭ನೆಯ ಇಸವಿ ಮಾರ್ಚ್ ೨೨, ಭಾನುವಾರ.